ಮುಟ್ಟು ನಿಂತ ಮೇಲೆ ‘ಬಯೋಐಡೆಂಟಿಕಲ್’ ಹಾರ್ಮೋನ್: ತೆಗೆದುಕೊಳ್ಳಬಹುದೇ?

ಪ್ರಶ್ನೆ: ನನಗೆ 49 ವರ್ಷ, ಗದಗ-ಬೆಟಗೇರಿಯಲ್ಲಿ ಶಿಕ್ಷಕಿ. ಮುಟ್ಟು ನಿಂತು 14 ತಿಂಗಳಾಯಿತು. ದಿನಕ್ಕೆ ಹತ್ತು ಹನ್ನೆರಡು ಸಲ ಎದೆಯಿಂದ ಮುಖದ ತನಕ ಉರಿ ಏರಿ ಬೆವರು ಇಳಿಯುತ್ತದೆ. ರಾತ್ರಿ ನಿದ್ದೆ ಇಲ್ಲ. ಬೆಂಗಳೂರಿನ ಒಂದು ಕ್ಲಿನಿಕ್ಕಿನವರು ಫೋನಿನಲ್ಲಿ ಮಾತಾಡಿ, ಉಗುಳಿನ ಪರೀಕ್ಷೆಯ ಕಿಟ್ ಕೊರಿಯರ್ ಮಾಡುತ್ತೇವೆ, ಆಮೇಲೆ ‘ಬಯೋಐಡೆಂಟಿಕಲ್’ ಹಾರ್ಮೋನಿನ ಪೆಲೆಟ್ (ಪುಟ್ಟ ಗುಳಿಗೆ) ಚರ್ಮದಡಿ ಇಡುತ್ತೇವೆ, ಇದು ನೈಸರ್ಗಿಕ, ಅಡ್ಡಪರಿಣಾಮ ಇಲ್ಲ ಎಂದರು. ನಮ್ಮ ಯಜಮಾನರಿಗೂ ಮಾಡಿಸಿ ಎನ್ನುತ್ತಾರೆ. ಅವರಿಗೆ 56, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಸದಾ ಸುಸ್ತು. ಸಂಜೆ 4 ಗಂಟೆಗೆ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟೆರಾನ್ 310 ಬಂದಿದೆ. ನಮ್ಮ ಅತ್ತಿಗೆ ಮಾತ್ರ ‘ಹಾರ್ಮೋನ್ ಮುಟ್ಟಬ್ಯಾಡ, ಕ್ಯಾನ್ಸರ್ ಬರ್ತದ’ ಅಂತಾರೆ. ಹಾವೇರಿ ಕಡೆ ಕೊಟ್ಟಿರುವ ನನ್ನ ತಂಗಿಗೆ 36ನೇ ವಯಸ್ಸಿಗೇ ಗರ್ಭಚೀಲ ತೆಗೆದಿದ್ದಾರೆ. ಈಗ 41. ಅವಳು ಏನೂ ತೆಗೆದುಕೊಂಡಿಲ್ಲ, ಆದರೂ ಚೆನ್ನಾಗಿಯೇ ಇದ್ದಾಳೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ವಯಸ್ಸು, ಮುಟ್ಟು ನಿಂತು ಕಳೆದಿರುವ ಕಾಲ, ತೊಂದರೆಯ ತೀವ್ರತೆ ನೋಡಿದರೆ ಹಾರ್ಮೋನ್ ಚಿಕಿತ್ಸೆ ನಿಮಗೆ ಹೊಂದುವ ಸಾಧ್ಯತೆಯೇ ಹೆಚ್ಚು. ಪೆಲೆಟ್ ಬೇಡ, ಉಗುಳಿನ ಪರೀಕ್ಷೆಯೂ ಬೇಡ. ನಿಮ್ಮ ಯಜಮಾನರಿಗೆ ಈಗಿನ ಒಂದು ವರದಿಯ ಮೇಲೆ ಟೆಸ್ಟೋಸ್ಟೆರಾನ್ ಕೊಡುವುದು ತಪ್ಪಾಗುತ್ತದೆ. ತಂಗಿಯ ವಿಷಯ ನೀವು ಹೋಗುತ್ತ ಹೋಗುತ್ತ ಹೇಳಿದ್ದೀರಿ. ಅದನ್ನು ಕೊನೆಗೆ ಬರೆದಿದ್ದೇನೆ, ದಯವಿಟ್ಟು ಬಿಡದೆ ಓದಿ.

‘ಬಯೋಐಡೆಂಟಿಕಲ್’ ಎಂದರೆ ನಮ್ಮ ದೇಹ ತಾನೇ ತಯಾರಿಸುವ ಹಾರ್ಮೋನಿನ ಅಣುವಿಗೂ ಔಷಧದ ಅಣುವಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಅರ್ಥ, ಅಷ್ಟೇ. ಹೆಂಗಸರ ಚಿಕಿತ್ಸೆಯಲ್ಲಿ ಎಸ್ಟ್ರಾಡಿಯೋಲ್, ಎಸ್ಟ್ರಿಯೋಲ್ (ಇವೆರಡೂ ಈಸ್ಟ್ರೋಜನ್ ಬಗೆಗಳು), ಪ್ರೊಜೆಸ್ಟೆರಾನ್ ಈ ಗುಂಪಿನವು, ಗಂಡಸರಲ್ಲಿ ಟೆಸ್ಟೋಸ್ಟೆರಾನ್. ಈ ಗುಂಪಿಗೆ ಸೇರದವೂ ಇವೆ. ಗಬ್ಬವಾದ ಕುದುರೆಯ ಮೂತ್ರದಿಂದ ತೆಗೆಯುವ ಕಾಂಜುಗೇಟೆಡ್ ಈಸ್ಟ್ರೋಜನ್, ಪ್ರಯೋಗಾಲಯದಲ್ಲಿ ರಚನೆ ಬದಲಿಸಿದ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಂಥವು. ಕ್ಲಿನಿಕ್ಕಿನವರು ನಿಮಗೆ ಹೇಳದ ಮಾತೊಂದಿದೆ. ಬಯೋಐಡೆಂಟಿಕಲ್ ಎಸ್ಟ್ರಾಡಿಯೋಲ್ ಜೆಲ್ ಮತ್ತು ಮೈಕ್ರೊನೈಸ್ಡ್ (ಅತಿ ನುಣ್ಣಗೆ ಪುಡಿ ಮಾಡಿದ) ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಎರಡೂ ವೈದ್ಯರ ಚೀಟಿ ಇದ್ದರೆ ಸಾಮಾನ್ಯ ಔಷಧ ಅಂಗಡಿಯಲ್ಲೇ ಸಿಗುತ್ತವೆ. ಕಾರ್ಖಾನೆಯಲ್ಲಿ ಅಳತೆ ಮಾಡಿ, ಬ್ಯಾಚ್ ಬ್ಯಾಚಿಗೂ ಪರೀಕ್ಷೆಯಾಗಿ ಬಂದಂಥವು. ಅದೇ ಅಣುವನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಲಸಿ, ಕ್ರೀಮು, ಲೋಜೆಂಜ್ (ಚೀಪುವ ಗುಳಿಗೆ), ಪೆಲೆಟ್ ರೂಪದಲ್ಲಿ ಕೊಡುವುದಕ್ಕೆ ಕಂಪೌಂಡಿಂಗ್ ಎನ್ನುತ್ತಾರೆ. ಅದರಲ್ಲಿ ಬರೆದಷ್ಟೇ ಪ್ರಮಾಣ ಇದೆ ಎಂಬ ಖಾತರಿ ಇಲ್ಲ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ ಇದನ್ನೇ ಕೂಲಂಕಷವಾಗಿ ನೋಡಿ, ಅನುಮೋದಿತ ಔಷಧ ಒಗ್ಗದವರಿಗಷ್ಟೇ ಇಂಥದ್ದನ್ನು ಸೀಮಿತಗೊಳಿಸಿ ಎಂದು ಹೇಳಿತು.

‘ನೈಸರ್ಗಿಕ’ ಎಂಬ ಮಾತಿಗೂ ಒಂದು ಹಿನ್ನೆಲೆ ಇದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟೆರಾನ್ ತಯಾರಿಸಿದ. ಗೆಣಸಿನಿಂದ ಹಾರ್ಮೋನ್ ಆಗುವುದು ಪ್ರಯೋಗಾಲಯದ ಹಲವು ಹಂತಗಳಲ್ಲಿ. ನಮ್ಮ ಹೊಟ್ಟೆಯಲ್ಲಾಗಲಿ ಚರ್ಮದಲ್ಲಾಗಲಿ ಆ ಕೆಲಸ ಮಾಡುವ ಕಿಣ್ವ ಇಲ್ಲ. ನಮ್ಮ ಮನೆಗಳ ಮೆಂತ್ಯದಲ್ಲೂ ಡಯೋಸ್ಜೆನಿನ್ ಇದೆ. ಮೆಂತ್ಯಹಿಟ್ಟು ಕಲಸಿಕೊಂಡು ರೊಟ್ಟಿ ತಿಂದರೆ ಸಕ್ಕರೆಗೆ ಒಂದಿಷ್ಟು ಒಳ್ಳೆಯದು, ಆದರೆ ಅದು ಪ್ರೊಜೆಸ್ಟೆರಾನ್ ಆಗುವುದಿಲ್ಲ. ‘ವೈಲ್ಡ್ ಯಾಮ್ ಕ್ರೀಮ್’ ಎಂದು ಮಾರುವುದರ ಕಥೆಯೂ ಇಷ್ಟೇ.

ಉಗುಳಿನ ಪರೀಕ್ಷೆ ಯಾಕೆ ಬೇಡ? ಉಗುಳಿನಲ್ಲಿ ಎಸ್ಟ್ರಾಡಿಯೋಲ್ ಇರುವುದು ಅತಿ ಸ್ವಲ್ಪ. ದಿನದ ಹೊತ್ತು, ಊಟ, ವಸಡಿನಿಂದ ಬರುವ ಹನಿ ರಕ್ತ, ಎಲ್ಲದಕ್ಕೂ ಅದು ಏರಿಳಿಯುತ್ತದೆ. ಆ ಅಂಕಿ ನೋಡಿ ಡೋಸ್ ನಿರ್ಧರಿಸುವುದು ಗಾಳಿಯಲ್ಲಿ ಗೆರೆ ಎಳೆದಂತೆ. ನಿಮ್ಮ ವಿಷಯದಲ್ಲಿ ರಕ್ತದ ಹಾರ್ಮೋನ್ ಪರೀಕ್ಷೆಯೂ ಬೇಕಿಲ್ಲ. 45 ದಾಟಿದ ಮೇಲೆ 12 ತಿಂಗಳು ಮುಟ್ಟಾಗದಿದ್ದರೆ ಅದೇ ಮುಟ್ಟು ನಿಂತದ್ದಕ್ಕೆ ಸಾಕ್ಷಿ. ಡೋಸ್ ಹೊಂದಿದೆಯೋ ಇಲ್ಲವೋ ಎಂಬುದಕ್ಕೆ ಅಳತೆಗೋಲು ಉರಿ ಎಷ್ಟು ಕಡಿಮೆಯಾಯಿತು, ನಿದ್ದೆ ಬಂತೇ ಎಂಬುದು.

ಈಗ ನಿಮ್ಮ ಅತ್ತಿಗೆಯ ಮಾತು. ಅದನ್ನು ತಳ್ಳಿಹಾಕಲಾಗದು. 2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಭಯ ಹುಟ್ಟಿದ್ದು ಅಲ್ಲಿಂದ. 16,608 ಮಹಿಳೆಯರಿದ್ದ ಆ ಭಾಗದಲ್ಲಿ ಕೊಟ್ಟದ್ದು ಕುದುರೆ ಮೂತ್ರದ ಈಸ್ಟ್ರೋಜನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಮಾತ್ರೆ. ಸರಾಸರಿ ವಯಸ್ಸು 63. ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ 30ರಿಂದ 38ಕ್ಕೆ ಏರಿತು, ಪಾರ್ಶ್ವವಾಯು ಮತ್ತು ಶ್ವಾಸಕೋಶದ ರಕ್ತಗಡ್ಡೆ ತಲಾ 8 ಹೆಚ್ಚಾದವು, ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು. ಅಪಾಯ ಇದ್ದದ್ದು ನಿಜ. ಎಷ್ಟು, ಯಾರಿಗೆ, ಯಾವ ಔಷಧದಿಂದ ಎಂಬುದು ಮಾತ್ರ ಆ ದಿನಗಳ ಸುದ್ದಿಯಲ್ಲಿ ಕಳೆದುಹೋಯಿತು. ಮುಂದೆ ಅದೇ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದಾಗ, 60ರ ಒಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದವರಿಗೆ ಲಾಭದ ತಟ್ಟೆಯೇ ತೂಗಿತು. ನೀವು ಆ ಗುಂಪಿನವರು. ಫ್ರಾನ್ಸಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ ಈಸ್ಟ್ರೋಜನ್ ಜತೆ ಬಯೋಐಡೆಂಟಿಕಲ್ ಪ್ರೊಜೆಸ್ಟೆರಾನ್ ಬಳಸಿದವರಲ್ಲಿ ಮೊದಲ ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಇದು ಗಮನಿಸಿ ಬರೆದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ; ಹಲವು ವರ್ಷ ಬಳಸಿದರೆ ಅಪಾಯ ಸ್ವಲ್ಪ ಏರುತ್ತದೆ. ಆದ್ದರಿಂದ ‘ಅಡ್ಡಪರಿಣಾಮ ಇಲ್ಲ’ ಎಂದು ಯಾರೇ ಹೇಳಿದರೂ ನಂಬಬೇಡಿ.

ಔಷಧ ಒಳಹೋಗುವ ದಾರಿಯೂ ಮುಖ್ಯ. ಎಸ್ಟ್ರಾಡಿಯೋಲನ್ನು ನುಂಗಿದರೆ ಅದು ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚು ತಯಾರಾಗುತ್ತವೆ. ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಬರುವುದು ಇದರಿಂದ. ಚರ್ಮದ ಮೂಲಕ ಹೋದರೆ ಯಕೃತ್ತನ್ನು ದಾಟಿಕೊಂಡು ನೇರ ರಕ್ತ ಸೇರುತ್ತದೆ, ಈ ಅಪಾಯ ಏರಿದ್ದು ಕಂಡಿಲ್ಲ. ತೂಕ ಹೆಚ್ಚಿದ್ದರೆ, ಬಿಪಿ ಇದ್ದರೆ, ಮೈಗ್ರೇನ್ ಇದ್ದರೆ ಜೆಲ್ಲನ್ನೇ ಕೇಳಿ ಪಡೆಯಿರಿ.

ಜೆಲ್ ಶೇಕಡಾ 0.06ರದು. ಸಾಮಾನ್ಯವಾಗಿ 1.25 ಗ್ರಾಂ ಜೆಲ್ಲಿನಿಂದ, ಅಂದರೆ 0.75 ಮಿ.ಗ್ರಾಂ ಎಸ್ಟ್ರಾಡಿಯೋಲಿನಿಂದ ಶುರು ಮಾಡಿ, ಬೇಕಾದರೆ 2.5 ಗ್ರಾಂಗೆ, ಅಂದರೆ 1.5 ಮಿ.ಗ್ರಾಂಗೆ ಏರಿಸುತ್ತಾರೆ. ಟ್ಯೂಬಿನ ಜತೆ ಬರುವ ಅಳತೆಪಟ್ಟಿಯಿಂದಲೇ ಅಳೆಯಿರಿ. ಬೆರಳಿನ ಅಂದಾಜಿನಲ್ಲಿ ಹಚ್ಚಿದವರೇ ಮುಂದೆ ‘ಒಮ್ಮೆ ಹತ್ತತದ, ಒಮ್ಮೆ ಹತ್ತಂಗಿಲ್ಲ’ ಎನ್ನುವುದು. ತೋಳಿನ ಹೊರಭಾಗ ಮತ್ತು ಭುಜಕ್ಕೆ, ಇಲ್ಲವೇ ತೊಡೆಯ ಒಳಭಾಗಕ್ಕೆ ತೆಳ್ಳಗೆ ಹರಡಬೇಕು, ತಿಕ್ಕಬಾರದು. ಸ್ತನದ ಮೇಲೆ ಎಂದೂ ಬೇಡ. ಐದು ನಿಮಿಷ ಒಣಗಲು ಬಿಟ್ಟು ಕೈ ತೊಳೆದುಕೊಳ್ಳಿ. ಒಂದು ತಾಸು ಸ್ನಾನ ಬೇಡ, ಆ ಜಾಗಕ್ಕೆ ಎಣ್ಣೆ, ಕ್ರೀಮು ಬೇಡ, ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವುದೂ ಬೇಡ.

ನಮ್ಮ ಕಡೆಯ ಹೆಂಗಸರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಬೆಳಿಗ್ಗೆ ಎದ್ದು ಜೆಲ್ ಹಚ್ಚಿಕೊಂಡು ನೇರ ರೊಟ್ಟಿ ಬಡಿಯಲು ಕೂರಬೇಡಿ. ಜೆಲ್ಲಿನಲ್ಲಿ ಮದ್ಯಸಾರ ಇರುತ್ತದೆ. ಒದ್ದೆ ತೋಳನ್ನು ಉರಿಯುವ ಒಲೆಯ ಹತ್ತಿರ ಒಯ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದು ತಪ್ಪಿದರೂ ಹಂಚಿನ ಶಾಖಕ್ಕೆ ತೋಳು ಬೆವೆತು ಜೆಲ್ ಸೆರಗಿಗೆ ಒರೆಸಿಹೋಗುತ್ತದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ಮೈ ತೊಳೆದು ಒರೆಸಿಕೊಂಡ ಮೇಲೆ ಹಚ್ಚುವುದು ಸರಿಯಾದ ಹೊತ್ತು. ದಿನಾ ಅದೇ ಹೊತ್ತಿಗೆ ಹಚ್ಚಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಟ್ಯೂಬನ್ನು ತಗಡಿನ ಮನೆಯ ಗೂಡಿನಲ್ಲಾಗಲಿ ಕಿಟಕಿಯ ಪಕ್ಕವಾಗಲಿ ಇಡಬೇಡಿ.

ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಚೀಲದ ಒಳಪದರ ಬೆಳೆಯುತ್ತಲೇ ಹೋಗುತ್ತದೆ. 1995ರಲ್ಲಿ ಪ್ರಕಟವಾದ ‘ಪೆಪಿ’ ಅಧ್ಯಯನದಲ್ಲಿ ಮೂರು ವರ್ಷ ಬರೀ ಈಸ್ಟ್ರೋಜನ್ ತೆಗೆದುಕೊಂಡವರ ಪೈಕಿ ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಒಳಪದರ ಕ್ಯಾನ್ಸರಿಗೆ ಮುಂಚಿನ ಬಗೆಯ ಬೆಳವಣಿಗೆಗೆ ತಿರುಗಿತ್ತು. ಪ್ರೊಜೆಸ್ಟೆರಾನ್ ಸೇರಿಸಿದವರಲ್ಲಿ ಹಾಗಾಗಲಿಲ್ಲ. ಗರ್ಭಚೀಲ ಇದ್ದವರಿಗೆ ಇದು ಬಿಡಲೇಬಾರದ ಔಷಧ. ನಿಮ್ಮಂತೆ ಮುಟ್ಟು ನಿಂತು ವರ್ಷ ದಾಟಿದವರಿಗೆ 100 ಮಿ.ಗ್ರಾಂ ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ದಿನಾ ರಾತ್ರಿ. ಇನ್ನೂ ಆಗೀಗ ಮುಟ್ಟಾಗುತ್ತಿರುವವರಿಗೆ 200 ಮಿ.ಗ್ರಾಂ, ತಿಂಗಳಲ್ಲಿ 12ರಿಂದ 14 ದಿನ. ಇದು ದೇಹದಲ್ಲಿ ಒಡೆದಾಗ ಮಂಪರು ತರುವ ವಸ್ತು ಹುಟ್ಟುತ್ತದೆ, ಅದಕ್ಕೇ ಮಲಗುವ ಹೊತ್ತಿಗೆ ಕೊಡುವುದು. ನಿದ್ದೆಯಿಲ್ಲದ ನಿಮಗೆ ಅದು ಒಳ್ಳೆಯದೇ ಆಗಬಹುದು. ಹಗಲು ತೆಗೆದುಕೊಂಡು ಸ್ಕೂಟಿ ಏರಬೇಡಿ. ಕೆಲವು ಕ್ಯಾಪ್ಸೂಲುಗಳ ಒಳಗೆ ಶೇಂಗಾ ಎಣ್ಣೆ ಇರುತ್ತದೆ. ಶೇಂಗಾ ಒಗ್ಗದವರು ಅಂಗಡಿಯವರಿಂದ ಒಳವಸ್ತುಗಳ ಪಟ್ಟಿ ಓದಿಸಿಕೊಳ್ಳಬೇಕು. ಇದೇ ಔಷಧವನ್ನು ಗರ್ಭಿಣಿಯರಿಗೂ ಕೊಡುವುದರಿಂದ ಅಂಗಡಿಯವರು ನಿಮ್ಮ ಮುಖ ನೋಡಿ ಚೀಟಿ ತಪ್ಪಾಗಿದೆ ಎನ್ನಬಹುದು. ತಪ್ಪಾಗಿಲ್ಲ.

ಚರ್ಮಕ್ಕೆ ಹಚ್ಚುವ ಪ್ರೊಜೆಸ್ಟೆರಾನ್ ಕ್ರೀಮಿನ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಗರ್ಭಚೀಲವನ್ನು ಕಾಯುವಷ್ಟು ಪ್ರಮಾಣ ಅದರಿಂದ ರಕ್ತಕ್ಕೆ ಹೋಗುವುದಿಲ್ಲ. ಈಸ್ಟ್ರೋಜನ್ ಪೆಲೆಟ್ ಇಟ್ಟು, ಜತೆಗೆ ಈ ಕ್ರೀಮು ಕೊಟ್ಟರೆ ಹೆಣ್ಣುಮಗಳಿಗೆ ರಕ್ಷಣೆ ಇದೆ ಎಂಬ ಭ್ರಮೆ ಮಾತ್ರ ಕೊಟ್ಟಂತೆ. ಪೆಲೆಟ್ಟಿನದು ಇನ್ನೊಂದು ತೊಡಕು. ಅಕ್ಕಿಕಾಳಿನಷ್ಟು ಇರುವ ಅದನ್ನು ಪೃಷ್ಠದ ಚರ್ಮದಡಿ ತೂರಿಸಿದರೆ ಮೂರರಿಂದ ಆರು ತಿಂಗಳು ಕರಗುತ್ತಿರುತ್ತದೆ. ಡೋಸ್ ಹೆಚ್ಚಾಗಿ ಸ್ತನ ಬಿಗಿದರೆ, ರಕ್ತಸ್ರಾವವಾದರೆ, ಟೆಸ್ಟೋಸ್ಟೆರಾನ್ ಪೆಲೆಟ್ಟಿನಿಂದ ಗಡ್ಡದ ಕೂದಲು ಬಂದು ದನಿ ಒಡೆದರೆ, ಅದನ್ನು ಹೊರತೆಗೆಯುವುದು ತೀರ ಕಷ್ಟ. ಒಡೆದ ದನಿ ಮತ್ತೆ ಮೊದಲಿನಂತಾಗದೆಯೂ ಹೋಗಬಹುದು. ಜೆಲ್ ಆದರೆ ನಾಳೆಯೇ ನಿಲ್ಲಿಸಬಹುದು.

ಶುರು ಮಾಡುವ ಮೊದಲು ಗದಗ ಅಥವಾ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ (ಜನ ಜಿಮ್ಸ್, ಕಿಮ್ಸ್ ಎನ್ನುವವು) ಸ್ತ್ರೀರೋಗ ವಿಭಾಗಕ್ಕೆ ಚೀಟಿ ಮಾಡಿಸಿ. ನಿಮ್ಮ ನಂಬಿಕೆಯ ಸ್ತ್ರೀರೋಗ ತಜ್ಞರಿದ್ದರೆ ಅವರೂ ಸಾಕು. ಬಿಪಿ, ತೂಕ, ಸಕ್ಕರೆ, ಕೊಲೆಸ್ಟ್ರಾಲ್, ಯಕೃತ್ತಿನ ಪರೀಕ್ಷೆ, ಟಿಎಸ್‌ಎಚ್, ಕೆಳಹೊಟ್ಟೆಯ ಸ್ಕ್ಯಾನ್, ಸ್ತನ ಪರೀಕ್ಷೆ ಮತ್ತು ಮ್ಯಾಮೊಗ್ರಾಂ, ಗರ್ಭಕಂಠದ ಪ್ಯಾಪ್ ಪರೀಕ್ಷೆ ಆಗಿರಲಿ. ಟಿಎಸ್‌ಎಚ್ ಯಾಕೆಂದರೆ ಥೈರಾಯ್ಡ್ ಹೆಚ್ಚಾದರೂ ಹೀಗೇ ಬೆವರುತ್ತದೆ. ರಾತ್ರಿ ಬೆವರಿನ ಜತೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಮೊದಲು ಕ್ಷಯದ ಪರೀಕ್ಷೆ. ಎಲ್ಲ ಬೆವರನ್ನೂ ಮುಟ್ಟಿನ ತಲೆಗೆ ಕಟ್ಟಬಾರದು. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ಮತ್ತು ಹಾರ್ಮೋನ್ ವರದಿಗಳನ್ನು ಅಡ್ಡಾದಿಡ್ಡಿ ಮಾಡುತ್ತದೆ.

ಸ್ತನ ಅಥವಾ ಗರ್ಭಚೀಲದ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಹೃದಯಾಘಾತ, ಪಾರ್ಶ್ವವಾಯು, ರಕ್ತಗಡ್ಡೆ ಆದವರು, ಯಕೃತ್ತಿನ ಕಾಯಿಲೆ ಇರುವವರು ಇದನ್ನು ತೆಗೆದುಕೊಳ್ಳಬಾರದು. ಅಂಥವರ ಉರಿಗೆ ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್ ಮುಂತಾದ ಹಾರ್ಮೋನ್ ಅಲ್ಲದ ಔಷಧಗಳಿವೆ. ಬರೀ ಯೋನಿ ಒಣಗುವುದು, ಮತ್ತೆ ಮತ್ತೆ ಉರಿಮೂತ್ರ ಇಷ್ಟೇ ತೊಂದರೆಯಾದರೆ ಎಸ್ಟ್ರಿಯೋಲ್ ಕ್ರೀಮು ಸಾಕು: 0.5 ಗ್ರಾಂ, ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಅದು ರಕ್ತಕ್ಕೆ ಹೋಗುವುದು ತೀರ ಅಲ್ಪವಾದ್ದರಿಂದ ಜತೆಗೆ ಪ್ರೊಜೆಸ್ಟೆರಾನ್ ಬೇಡ. ನಾಚಿಕೆಯಿಂದ ಇದನ್ನು ಹೇಳದೆ ವರ್ಷಗಟ್ಟಲೆ ಆಂಟಿಬಯೋಟಿಕ್ ನುಂಗುವ ತಾಯಂದಿರು ಬಹಳ, ಅದು ಮನಸ್ಸಿಗೆ ಬೇಸರ ತರುವ ವಿಷಯ.

ಔಷಧ ಶುರುವಾದ ಎರಡು ಮೂರು ವಾರಕ್ಕೆ ಉರಿ ಇಳಿಯತೊಡಗುತ್ತದೆ, ಪೂರ್ತಿ ಗುಣ ಕಾಣಲು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ. ಮೊದಲ ಮೂರರಿಂದ ಆರು ತಿಂಗಳು ಆಗೀಗ ಚುಕ್ಕೆಯಂತೆ ರಕ್ತ ಕಾಣಿಸಿದರೆ ಗಾಬರಿ ಬೇಡ. ಆರು ತಿಂಗಳ ಮೇಲೂ ಕಂಡರೆ, ಅಥವಾ ಪೂರ್ತಿ ನಿಂತದ್ದು ಮತ್ತೆ ಶುರುವಾದರೆ ಸ್ಕ್ಯಾನ್ ಆಗಲೇಬೇಕು. ಸ್ತನ ನೋವು ಬಂದರೆ ಡೋಸ್ ಇಳಿಸುತ್ತಾರೆ. ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಏಕಾಏಕಿ ಉಸಿರು ಕಟ್ಟುವುದು ಕಂಡರೆ ಅಂದೇ ಆಸ್ಪತ್ರೆಗೆ. ಎಷ್ಟು ವರ್ಷ ಎಂಬುದಕ್ಕೆ ಗೆರೆ ಎಳೆದಂಥ ಲೆಕ್ಕ ಇಲ್ಲ. ಪ್ರತಿ ವರ್ಷ ವೈದ್ಯರ ಮುಂದೆ ಕೂತು, ಬೇಕೇ ಬೇಡವೇ ಎಂದು ಹೊಸದಾಗಿ ನಿರ್ಧರಿಸಬೇಕು.

ಮೂಳೆಯ ಬಗ್ಗೆಯೂ ಎರಡು ಮಾತು. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ದಿನಕ್ಕೆ 1,000ದಿಂದ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಜೋಳದ ರೊಟ್ಟಿಯಲ್ಲಿ ಅದು ಕಡಿಮೆ. ರೊಟ್ಟಿ ಬಿಡಬೇಕಿಲ್ಲ. ಜತೆಗೆ ಎಳ್ಳಿನ ಪುಡಿ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಗಟ್ಟಿ ಮೊಸರು ತಪ್ಪದೆ ಇರಲಿ. ಸಂಕ್ರಾಂತಿಗೆ ಮಾತ್ರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವುದನ್ನು ವರ್ಷವಿಡೀ ಮಾಡಿ.

ನಿಮ್ಮ ಯಜಮಾನರ ವಿಷಯ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ, ಊಟದ ಮೇಲೆ ಇನ್ನಷ್ಟು ಕುಸಿಯುತ್ತದೆ. ಸಂಜೆ 4ರ 310 ಬೆಳಿಗ್ಗೆಯ ಲೆಕ್ಕದಲ್ಲಿ ಇನ್ನೂ ಹೆಚ್ಚೇ ಇರಬಹುದು. ಬೆಳಿಗ್ಗೆ 7ರಿಂದ 10ರೊಳಗೆ, ಬರಿಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಪರೀಕ್ಷೆ ಮಾಡಿಸಬೇಕು. ಎರಡೂ ಸಲ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಬಂದು (ಕೆಲವು ತಜ್ಞ ಸಂಘಗಳು 264 ಎನ್ನುತ್ತವೆ), ಜತೆಗೆ ಕಾಮಾಸಕ್ತಿ ಕುಗ್ಗುವುದು, ಬೆಳಗಿನ ನಿಮಿರುವಿಕೆ ನಿಲ್ಲುವುದು ಮುಂತಾದ ಲಕ್ಷಣ ಇದ್ದರೆ ಮಾತ್ರ ಕೊರತೆ ಎನ್ನಬಹುದು. ವರದಿಯ ಮಾನ ನೋಡಿಕೊಳ್ಳಿ: ಒಂದು ಲ್ಯಾಬಿನ 300 ಇನ್ನೊಂದರಲ್ಲಿ 3 ಎಂದೋ 10.4 ಎಂದೋ ಬಂದರೆ ಮೂರೂ ಒಂದೇ. ಹೊಟ್ಟೆ ಬಂದವರಲ್ಲಿ ಹಾರ್ಮೋನನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಪ್ರೊಟೀನ್ ಕಡಿಮೆಯಿದ್ದು, ಒಟ್ಟು ಅಂಕಿ ಕಡಿಮೆ ಕಂಡರೂ ಕೆಲಸಕ್ಕೆ ಬರುವ ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇರಬಹುದು. ನಿಜವಾಗಿ ಕಡಿಮೆಯಿದ್ದರೆ ಎಲ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ಎಂಬ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್‌ಗಳನ್ನು ನೋಡಿ, ತೊಂದರೆ ವೃಷಣದಲ್ಲೋ ಮಿದುಳಿನ ಪಿಟ್ಯುಟರಿಯಲ್ಲೋ ಎಂದು ತಿಳಿಯಬೇಕು.

ಅವರ ಸುಸ್ತಿಗೆ ನಾನು ಮೊದಲು ಹುಡುಕುವುದು ಬೇರೆ ಕಾರಣಗಳನ್ನು. ಸಕ್ಕರೆಗೆಂದು ಹತ್ತು ವರ್ಷ ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು, ಅದನ್ನು ನೋಡಿ. ಮೂರು ತಿಂಗಳ ಸರಾಸರಿ ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್, ಕಿಡ್ನಿ ನೋಡಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆಯೇ ಎಂದು ನೀವೇ ಗಮನಿಸಬಲ್ಲಿರಿ, ಹೇಗೂ ಎಚ್ಚರ ಇರುತ್ತೀರಿ. ತೂಕ ಇಳಿಸಿದರೆ ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕೊರತೆ ಖಚಿತವಾದರೆ ಶೇಕಡಾ 1ರ ಟೆಸ್ಟೋಸ್ಟೆರಾನ್ ಜೆಲ್ ದಿನಕ್ಕೆ 5 ಗ್ರಾಂ, ಅಥವಾ 1,000 ಮಿ.ಗ್ರಾಂ ಟೆಸ್ಟೋಸ್ಟೆರಾನ್ ಅನ್‌ಡೆಕನೊಯೇಟ್ ಇಂಜೆಕ್ಷನ್: ಮೊದಲನೆಯದು, ಆರು ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಅದು ಎಣ್ಣೆಯಲ್ಲಿರುವ ಔಷಧ, ನಿಧಾನ ಚುಚ್ಚಬೇಕು, ಚುಚ್ಚಿದ ಮೇಲೆ ಅರ್ಧ ತಾಸು ಅಲ್ಲೇ ಕೂರಿಸಬೇಕು. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಮತ್ತು ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಮೊದಲೇ ನೋಡಿ, ಮೂರರಿಂದ ಆರು ತಿಂಗಳಿಗೆ ಮತ್ತೆ ನೋಡಬೇಕು. ಹೆಮಟೊಕ್ರಿಟ್ ಶೇಕಡಾ 54 ದಾಟಿದರೆ ರಕ್ತ ದಪ್ಪವಾಗಿದೆ ಎಂದರ್ಥ, ನಿಲ್ಲಿಸಬೇಕು. 2023ರಲ್ಲಿ ಪ್ರಕಟವಾದ ‘ಟ್ರಾವರ್ಸ್’ ಅಧ್ಯಯನದಲ್ಲಿ 5,200 ಗಂಡಸರನ್ನು ನೋಡಿದಾಗ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಹೃದಯದ ಬಡಿತ ತಪ್ಪುವುದು ಮತ್ತು ಶ್ವಾಸಕೋಶದ ರಕ್ತಗಡ್ಡೆ ಸ್ವಲ್ಪ ಹೆಚ್ಚಿದವು. ಮಕ್ಕಳಾಗಬೇಕಾದ ಪ್ರಾಯದವರಿಗಂತೂ ಇದು ಬೇಡವೇ ಬೇಡ, ಹೊರಗಿನಿಂದ ಕೊಟ್ಟರೆ ವೀರ್ಯಾಣು ಉತ್ಪತ್ತಿ ನಿಂತುಹೋಗುತ್ತದೆ. ಜಿಮ್ಮಿಗೆ ಹೋಗುವ ಹುಡುಗರು ಮನೆಯಲ್ಲಿದ್ದರೆ ಈ ಮಾತು ಅವರ ಕಿವಿಗೂ ಬೀಳಲಿ.

ಕೊನೆಗೆ ನಿಮ್ಮ ತಂಗಿ. ನೀವು ಬರೆದದ್ದರಲ್ಲಿ ಹಾರ್ಮೋನ್ ಅಗತ್ಯ ಎಲ್ಲರಿಗಿಂತ ಹೆಚ್ಚು ಇರಬಹುದಾದವರು ಅವರೇ. ಗರ್ಭಚೀಲದ ಜತೆ ಎರಡೂ ಅಂಡಾಶಯ ತೆಗೆದಿದ್ದರೆ 36ರಿಂದಲೇ ಅವರ ದೇಹಕ್ಕೆ ಈಸ್ಟ್ರೋಜನ್ ಬಹುತೇಕ ಇಲ್ಲ. ಉರಿ ಇರಲಿ ಇಲ್ಲದಿರಲಿ, ಮೂಳೆ ಸವೆಯುವುದು, ಹೃದಯದ ರಕ್ತನಾಳ ಕೆಡುವುದು ಸದ್ದಿಲ್ಲದೆ ನಡೆದಿರುತ್ತದೆ. ಬೇರೆ ಅಡ್ಡಿ ಇಲ್ಲದಿದ್ದರೆ ಇಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಈಸ್ಟ್ರೋಜನ್ ಕೊಡಬೇಕು. ಗರ್ಭಚೀಲ ಇಲ್ಲದ ಕಾರಣ ಸಾಮಾನ್ಯವಾಗಿ ಪ್ರೊಜೆಸ್ಟೆರಾನ್ ಬೇಕಾಗುವುದಿಲ್ಲ. 2002ರ ಆ ಅಂಕಿಗಳನ್ನು ಇವರಿಗೆ ಹೋಲಿಸುವುದೂ ಸರಿಯಲ್ಲ. ನಮ್ಮ ಹಳ್ಳಿಗಳಲ್ಲಿ ಬಿಳುಪು ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಹೋದ ಹೆಣ್ಣುಮಕ್ಕಳ ಗರ್ಭಚೀಲ ತೆಗೆದು, ಮುಂದೇನು ಮಾಡಬೇಕೆಂದು ಒಂದು ಮಾತು ಹೇಳದೆ ಕಳಿಸುವುದು ನಡೆದೇ ಇದೆ.

ಅವರ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಹುಡುಕಿಸಿ. ಅದರಲ್ಲಿ ‘ಟಿಎಎಚ್’ ಎಂದಷ್ಟೇ ಇದ್ದರೆ ಗರ್ಭಚೀಲ ಮಾತ್ರ ತೆಗೆದಿದ್ದಾರೆ. ಜತೆಗೆ ‘ಬಿಎಸ್‌ಒ’ ಎಂದಿದ್ದರೆ ಎರಡೂ ಅಂಡಾಶಯ ಹೋಗಿವೆ. ಚೀಟಿ ಕಳೆದಿದ್ದರೆ ಒಂದು ಸ್ಕ್ಯಾನ್ ಮತ್ತು ಎಫ್‌ಎಸ್‌ಎಚ್ (ಅಂಡಾಶಯ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಹಾರ್ಮೋನ್) ರಕ್ತಪರೀಕ್ಷೆಯಿಂದ ತಿಳಿಯಬಹುದು. ಅಂಡಾಶಯ ಉಳಿಸಿದ್ದರೂ ಅವು ಬೇಗ ಸೊರಗುವುದುಂಟು, ಹಾಗಾಗಿ ಆ ಪರೀಕ್ಷೆ ಎರಡೂ ಸಂದರ್ಭದಲ್ಲಿ ಇರಲಿ. ನೀವು ಆಸ್ಪತ್ರೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಅವರ ಹೆಸರಿಗೂ ಒಂದು ಚೀಟಿ ಮಾಡಿಸಿ.